ಲಾರ್ವಾ ಸಮೀಕ್ಷೆ: ಮನೆಯವರ ಬಳಕೆಗೆ ಕೈಪಿಡಿ

ಮೊದಲ ಸೂಚನೆ: ಆಶಾ ಕಾರ್ಯಕರ್ತೆ ಟಾರ್ಚು ಹಿಡಿದು ಬಾಗಿಲಿಗೆ ಬಂದೊಡನೆ, "ನಮ್ಮನೇಲಿ ಸೊಳ್ಳೆ ಇಲ್ಲಮ್ಮಾ, ಎಲ್ಲಾ ಆ ಮೋರಿಯಿಂದ ಬರೋದು" ಅನ್ನಿ. ಎಲ್ಲರೂ ಅನ್ನುತ್ತಾರೆ, ನೀವೊಬ್ಬರು ತಪ್ಪಿಸಬಾರದು. ಆದರೆ ಮೋರಿಯ ಕೊಳಕು ಕ್ಯೂಲೆಕ್ಸ್ ಸೊಳ್ಳೆಯ ಪಾಲಿನದು. ಡೆಂಗಿ ಹರಡುವ ಈಡಿಸ್ ಮಡಿವಂತೆ. ಅದಕ್ಕೆ ನೀವು ಜೋಪಾನವಾಗಿ ತುಂಬಿಟ್ಟ ತಿಳಿನೀರೇ ಆಗಬೇಕು.

ಸಲಕರಣೆ: ಟಾರ್ಚು, ಸೌಟು, ಬಿಳಿ ಬಟ್ಟಲು, ಬಗ್ಗುವ ಸೊಂಟ.

ಹುಡುಕುವ ಕ್ರಮ: ಸಂಪು, ಡ್ರಮ್ಮು, ಹೂಕುಂಡದ ತಟ್ಟೆ, ಹಿತ್ತಲ ಒರಳುಕಲ್ಲು, ಎಳನೀರು ಬುರುಡೆ, ಕೊನೆಗೆ ಫ್ರಿಜ್ಜಿನ ಬೆನ್ನಿಗಿರುವ ತಟ್ಟೆ. ಅಂಥದೊಂದು ತಟ್ಟೆ ಇದೆಯೆಂದು ಬಹಳ ಜನಕ್ಕೆ ತಿಳಿಯುವುದೇ ಈ ಹಂತದಲ್ಲಿ. ಇಣುಕಿದೊಡನೆ ಏನೂ ಕಾಣದಿದ್ದರೆ ಗೆದ್ದೆವೆಂದು ಬೀಗಬೇಡಿ. ನಿಮ್ಮ ನೆರಳು ಬಿದ್ದದ್ದೇ ಲಾರ್ವಾಗಳು, ಅಂದರೆ ಸೊಳ್ಳೆಯ ಮರಿಹುಳುಗಳು, ತಳ ಸೇರಿವೆ. ಸ್ವಲ್ಪ ಕಾಯಿರಿ, ಉಸಿರಿಗೆ ಮೇಲೆ ಬರಲೇಬೇಕು. ಕೊಂಕುತ್ತಾ ಬಂದು, ಬಾಲದ ಕೊಳವೆ ಮೇಲೆ ಮಾಡಿ ತಲೆಕೆಳಗಾಗಿ ತೂಗಿದರೆ ಈಡಿಸ್ ಇರಬಹುದು, ಕ್ಯೂಲೆಕ್ಸೂ ಇರಬಹುದು. ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಮಲೇರಿಯಾದ ಅನಾಫಿಲಿಸ್.

ಲೆಕ್ಕ: ನೋಡಿದ 50 ಮನೆಗಳ ಪೈಕಿ 6ರಲ್ಲಿ ಹುಳು ಸಿಕ್ಕರೆ ಮನೆ ಸೂಚ್ಯಂಕ 12. ಆ 6 ಮನೆಗಳಲ್ಲಿ ಹುಳುವಿದ್ದ ಪಾತ್ರೆ 10 ಆದರೆ, ನೂರು ಮನೆಗೆ 20 ಪಾತ್ರೆಯಂತೆ ಬ್ರೆಟೋ ಸೂಚ್ಯಂಕ 20. ಹಾರುವುದನ್ನು ಎಣಿಸುವುದಕ್ಕಿಂತ ಈಜುವುದನ್ನು ಎಣಿಸುವುದು ಸುಲಭ. ಜ್ವರಕ್ಕಿಂತ ಮುಂಚೆ ಬೀದಿಗೆ ಸುದ್ದಿಯೂ ಮುಟ್ಟುತ್ತದೆ.

ದೋಷ ಮತ್ತು ಪರಿಹಾರ: ನೀರು ಚೆಲ್ಲಿದರೂ ಹುಳು ಮತ್ತೆ ಬಂತೇ? ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ. ನಲ್ಲಿ ನೀರು ಬರುವುದೇ ಅಪರೂಪ, ಚೆಲ್ಲಲು ಮನಸ್ಸಿಲ್ಲವೇ? ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ, ತೊಟ್ಟಿಗೆ ಗಪ್ಪಿ ಮೀನು ಬಿಡಿ.

ಪೂರ್ವಾನುಭವ: 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ವೈದ್ಯ ರೊನಾಲ್ಡ್ ರಾಸ್ ಕಿಟಕಿಯಾಚೆಯ ತೊಟ್ಟಿಯಲ್ಲಿ ಹುಳು ಕಂಡು ನೀರು ಚೆಲ್ಲಿದರು, ಸೊಳ್ಳೆ ಕಡಿಮೆಯಾದವು. ಉಳಿದ ತೊಟ್ಟಿಗಳನ್ನೂ ಬರಿದು ಮಾಡೋಣವೆಂದರೆ ದಂಡಿನ ಅಧಿಕಾರಿ ಒಪ್ಪಲಿಲ್ಲ. ಮುಂದೆ ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದದ್ದು ಇದೇ ರಾಸ್. ನಿಮ್ಮ ಮೋರಿಯ ಮಾತಿಗೂ ಒಪ್ಪದ ಆ ಅಧಿಕಾರಿಯಷ್ಟೇ ಹಳೆಯ ಮನೆತನವಿದೆ.

ವಾರಂಟಿ: ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಆದ್ದರಿಂದ ಈ ಕೆಲಸಕ್ಕೆ ವಾರಂಟಿ ಒಂದೇ ವಾರ. ಕಾರ್ಯಕರ್ತೆ ಮತ್ತೆ ಬರುತ್ತಾರೆ. ಈ ಸಲ ಫ್ರಿಜ್ಜನ್ನು ನೀವೇ ಮುಂದಕ್ಕೆ ಎಳೆದಿಡಿ.