ಎಂಟುನೂರು ಗ್ರಹ, ಎರಡು ಫ್ಲಾಪಿ

ಸ್ಟಾರ್‌ಫ್ಲೈಟ್ 1986ರಲ್ಲಿ ಹೊರಬಂದ ಕಂಪ್ಯೂಟರ್ ಆಟ. ಅಮೆರಿಕದ ಬೈನರಿ ಸಿಸ್ಟಮ್ಸ್ ಎಂಬ ಸಣ್ಣ ತಂಡ ಇದನ್ನು ಕಟ್ಟಿತು, ಎಲೆಕ್ಟ್ರಾನಿಕ್ ಆರ್ಟ್ಸ್ ಮಾರಿತು. ಪೆಟ್ಟಿಗೆಯಲ್ಲಿದ್ದದ್ದು ಎರಡು ಫ್ಲಾಪಿ. ಒಂದೊಂದರ ಹೊಟ್ಟೆಯಲ್ಲಿ ಹಿಡಿಸುತ್ತಿದ್ದದ್ದು 360 ಕಿಲೋಬೈಟ್, ಅಂದರೆ ಎರಡೂ ಸೇರಿದರೂ ಇಂದಿನ ಮೊಬೈಲಿನ ಒಂದು ಫೋಟೋ ಒಳಗೆ ಹೋಗಲಾರದು. ಆ ಜಾಗದಲ್ಲಿ 270 ನಕ್ಷತ್ರಗಳೂ 800 ಗ್ರಹಗಳೂ ಇದ್ದವು. ಗ್ರಹಗಳ ಚಿತ್ರವನ್ನು ಯಾರೂ ಬರೆದಿಟ್ಟಿರಲಿಲ್ಲ. ಪ್ರತಿ ಗ್ರಹಕ್ಕೂ ಒಂದು ಬೀಜಸಂಖ್ಯೆ, ಅದರಿಂದ ಬೆಟ್ಟ, ಕಡಲು, ಬಯಲುಗಳನ್ನು ಬೆಳೆಸಲು ಫ್ರಾಕ್ಟಲ್ ಗಣಿತ. ಎಷ್ಟು ಸಲ ಹೋದರೂ ಬೆಟ್ಟ ಅದೇ ಜಾಗದಲ್ಲಿ ಇರುತ್ತಿತ್ತು. ಫ್ಲಾಪಿಯ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಕಥೆ 4620ನೇ ಇಸವಿಯದು. ಆರ್ಥ್ ಎಂಬ ಗ್ರಹದ ಸುತ್ತ ತೇಲುವ ನಿಲ್ದಾಣದಿಂದ ನಾಯಕ ಬಾಹ್ಯಾಕಾಶದ ಹಡಗೇರಿ ಹೊರಡಬೇಕು. ವೀರಾವೇಶದಿಂದ ಬಂದವನಿಗೆ ಮೊದಲು ಸಿಗುವುದು ಮಾತ್ರ ಅಪ್ಪಟ ಕಛೇರಿ ಕೆಲಸ. ಸುತ್ತೋಲೆ ಓದಬೇಕು, ಸಿಬ್ಬಂದಿ ನೇಮಿಸಬೇಕು, ಕೈಯಿಂದ ದುಡ್ಡು ಹಾಕಿ ಅವರಿಗೆ ತರಬೇತಿ ಕೊಡಿಸಬೇಕು, ಬ್ಯಾಂಕಿನ ಬಾಕಿ ನೋಡಿ ನಿಟ್ಟುಸಿರು ಬಿಡಬೇಕು. ಆಮೇಲೆ ಗ್ರಹಕ್ಕಿಳಿದು ಅದಿರು ಅಗೆದು ತಂದು ಮಾರಬೇಕು. ಗುರುತ್ವ ವಿಚಾರಿಸದೆ ಭಾರೀ ಗ್ರಹಕ್ಕೆ ಇಳಿದರೆ ಹಡಗು ಅಪ್ಪಚ್ಚಿ. ಓಡಾಡುವ ಗಾಡಿಯ ಇಂಧನ ಮುಗಿದರೆ ಹಡಗಿನವರೆಗೆ ನಡಿಗೆಯೇ ಗತಿ. ಜನ ವಾಸಕ್ಕೆ ಯೋಗ್ಯವೆಂದು ಶಿಫಾರಸು ಮಾಡಿದ ಗ್ರಹ ಯೋಗ್ಯವಲ್ಲದಿದ್ದರೆ ದಂಡ. ದಿನವಿಡೀ ಇಂಥದ್ದನ್ನೇ ಮಾಡಿ ಮನೆಗೆ ಬಂದವರು ಕಾಸು ಕೊಟ್ಟು ರಾತ್ರಿಯೂ ಇದನ್ನೇ ಮಾಡಿದರು, ಅದೂ ಖುಷಿಯಿಂದ.

ಆಟದ ನಿಜವಾದ ರುಚಿ ಮಾತುಕತೆಯಲ್ಲಿದೆ. ಅನ್ಯಗ್ರಹದವರು ಎದುರಾದಾಗ ಮೂರು ಧಾಟಿಗಳಿಂದ ಒಂದನ್ನು ಆರಿಸಬಹುದು: ಸ್ನೇಹ, ಗದರಿಕೆ, ಹಲ್ಲುಗಿಂಜುವಿಕೆ. ಮೂರನೆಯದಕ್ಕೊಂದು ಪ್ರತ್ಯೇಕ ಗುಂಡಿ ಇಟ್ಟ ವಿನ್ಯಾಸಕಾರರಿಗೆ ಲೋಕಾನುಭವ ಚೆನ್ನಾಗಿಯೇ ಇತ್ತು. ಸ್ಪೆಮಿನ್ ಎಂಬ ಲೋಳೆಮುದ್ದೆಗಳು ಗದರಿದ ಕೂಡಲೇ ನಡುಗಿ ಬಾಯಿಬಿಡುತ್ತವೆ. ಹಲ್ಲಿಜಾತಿಯ ಥ್ರಿನ್‌ಗೂ ಸಸ್ಯಜಾತಿಯ ಎಲೋವನ್‌ಗೂ ಹಳೆಯ ದಾಯಾದಿ ವೈರ. ಹಡಗಿನಲ್ಲಿ ಎಲೋವನ್ ನೌಕರ ಇದ್ದರೆ ಥ್ರಿನ್ ಮುಖ ಸಿಂಡರಿಸುತ್ತಾರೆ. ಯಾರು ಎಲ್ಲಿ ಏನೆಂದರೆಂಬುದನ್ನು ಆಟ ನೆನಪಿಟ್ಟು ಒಪ್ಪಿಸುವುದಿಲ್ಲ. ಆಟಗಾರನೇ ಕಾಗದದಲ್ಲಿ ಗೀಚಿಕೊಳ್ಳಬೇಕು. ಬಾಣದ ಗುರುತು ಹಾಕಿ ದಾರಿ ತೋರಿಸುವ ಈಗಿನ ಆಟಗಳಿಗಿಂತ ಇದು ಮನಸ್ಸಿಗೆ ಹೆಚ್ಚು ಅಂಟಿಕೊಂಡದ್ದು ಈ ಗೀಚಾಟದಿಂದಲೇ.

ಕದ್ದ ಪ್ರತಿಗಳ ಹಾವಳಿಗೂ ಆಟದೊಳಗೇ ಮದ್ದಿತ್ತು. ಪೆಟ್ಟಿಗೆಯೊಂದಿಗೆ ಬಂದ ಸಂಕೇತ ಹೇಳಲಾಗದವರನ್ನು ಬಾಹ್ಯಾಕಾಶದ ಪೊಲೀಸರು ಅಟ್ಟಿಸಿಕೊಂಡು ಬರುತ್ತಿದ್ದರು.

ಕೊನೆಯ ಗುಟ್ಟನ್ನು ಇಷ್ಟು ವರ್ಷಗಳ ಮೇಲೆ ಬಿಟ್ಟುಕೊಟ್ಟರೆ ಪಾಪವಿಲ್ಲ. ಬೇಡವೆನ್ನುವವರು ಈ ಪ್ಯಾರಾ ಹಾರಿಸಬಹುದು. ನಕ್ಷತ್ರಗಳು ಒಂದೊಂದಾಗಿ ಉರಿದೆದ್ದು ಸುತ್ತಲಿನ ಜೀವಗಳನ್ನು ಸುಡುತ್ತಿರುತ್ತವೆ. ಕಾರಣ ಹುಡುಕುತ್ತ ಹೋದರೆ ತಿಳಿಯುವುದಿಷ್ಟು: ಹಡಗಿಗೆ ಇಂಧನವಾಗಿ ಸುರಿಯುತ್ತಿದ್ದ ಎಂಡ್ಯೂರಿಯಂ ಹರಳುಗಳು ಬುದ್ಧಿಯುಳ್ಳ ಜೀವಿಗಳು. ಅವುಗಳ ಬದುಕು ಎಷ್ಟು ನಿಧಾನವೆಂದರೆ ಮನುಷ್ಯರಿಗೆ ಅವು ಕಲ್ಲು, ಅವುಗಳಿಗೆ ಮನುಷ್ಯರು ರೋಗಾಣು. ಆ ರೋಗಕ್ಕೆ ಅವು ಮಾಡಿಕೊಂಡ ಔಷಧವೇ ಈ ಬೆಂಕಿ. ಅಲ್ಲಿಯವರೆಗೆ ಇಂಧನ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಿದವನ ಮುಖ ಇಲ್ಲಿ ನೋಡುವಂತಿರುತ್ತದೆ. ಖಳನನ್ನು ಹುಡುಕಹೊರಟವನ ಕೈಗೆ ತನ್ನದೇ ಇಂಧನದ ರಸೀದಿ ಇಡುವ ಆಟಗಳು ಆಮೇಲೂ ಹೆಚ್ಚು ಬಂದಿಲ್ಲ.

1989ರಲ್ಲಿ ಎರಡನೆಯ ಭಾಗ ಬಂತು, 1991ರಲ್ಲಿ ಸೆಗಾ ಯಂತ್ರಕ್ಕೆ ಹೊಸ ರೂಪ. ಮಾಸ್ ಎಫೆಕ್ಟ್ ಸರಣಿಯ ಕೇಸಿ ಹಡ್ಸನ್ ತಮ್ಮ ಆಟಕ್ಕೆ ಇದು ಮುಖ್ಯ ಸ್ಫೂರ್ತಿಯೆಂದು ಒಪ್ಪಿಕೊಂಡಿದ್ದಾರೆ. ಮೂಲ ಆಟ ನಡೆದದ್ದನ್ನೆಲ್ಲ ತನ್ನ ಫ್ಲಾಪಿಯ ಮೇಲೆಯೇ ಬರೆದುಕೊಳ್ಳುತ್ತಿದ್ದುದರಿಂದ, ನಕಲು ತೆಗೆದಿಟ್ಟುಕೊಳ್ಳದೆ ಆಡಿ ಹಡಗು ಕಳೆದುಕೊಂಡವರಿಗೆ ಆ ಬ್ರಹ್ಮಾಂಡವೂ ಹೋದಂತೆಯೇ. ಈಗ ಆಡುವವರಿಗೆ ಆ ಭಯವಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಮಾತ್ರ ಮೊದಲೇ ತಂದಿಟ್ಟುಕೊಳ್ಳಿ.