ಡಾಗ್ ಮಾಸ್ಟರು

ಬೆಂಗಳೂರಿನಲ್ಲಿ ಇಸ್ತ್ರಿ ಗಾಡಿಯಿಲ್ಲದ ಲೇಔಟು ಸಿಗಬಹುದು, ಕಾವೇರಿ ನೀರು ಬಾರದ ಲೇಔಟಂತೂ ಬೇಕಾದಷ್ಟು ಸಿಗುತ್ತವೆ. ಡಾಗ್ ಮಾಸ್ಟರಿಲ್ಲದ ಲೇಔಟು ಮಾತ್ರ ಸಿಗಲಿಕ್ಕಿಲ್ಲ. ಬೆಳಿಗ್ಗೆ ಆರರ ಹೊತ್ತಿಗೆ ಸ್ಕೂಟರಿನಲ್ಲಿ ಪ್ರತ್ಯಕ್ಷರಾಗುವ ಈ ಮಹನೀಯರನ್ನು ಗುರುತಿಸುವುದು ಕಷ್ಟವಲ್ಲ. ಮಿಲಿಟರಿ ಬಣ್ಣದ ಟೋಪಿ, ಆರು ಜೇಬಿನ ಪ್ಯಾಂಟು, ಹೆಗಲ ಮೇಲೆ ಸ್ಟೀಲ್ ಚೈನು. ಆರರಲ್ಲಿ ಐದು ಜೇಬು ವಿಸಿಟಿಂಗ್ ಕಾರ್ಡಿಗೆ, ಒಂದು ಬಿಸ್ಕತ್ತಿಗೆ. ಎಲ್ಲಿ ಕಲಿತಿರಿ ಎಂದು ಕೇಳಿದರೆ 'ಆರ್ಮಿ ಟ್ರೈನಿಂಗ್ ಸಾರ್' ಎನ್ನುತ್ತಾರೆ. ಆರ್ಮಿ ಇವರಿಗೆ ಟ್ರೈನಿಂಗ್ ಕೊಟ್ಟಿತೋ, ಇವರೇ ಆರ್ಮಿಗೆ ಕೊಟ್ಟರೋ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ನಮ್ಮಲ್ಲಿ ಆಟೊ ಓಡಿಸಲು ಲೈಸೆನ್ಸ್ ಬೇಕು, ಬೋಂಡ ಮಾರಲೂ ನೋಂದಣಿ ಬೇಕು. ನಾಯಿಗೆ ಪಾಠ ಹೇಳುವವರು ಇಂಥ ಪರೀಕ್ಷೆ ಪಾಸಾಗಿರಬೇಕು ಎಂದು ಮಾತ್ರ ಯಾವ ಕಾನೂನೂ ಕೇಳುವುದಿಲ್ಲ. ಟೋಪಿ ಇದ್ದರೆ ಸಾಕು.

ಮಾಸ್ಟರು ಮರಿಗೆ ಪಾಠ ಹೇಳುವವರಷ್ಟೇ ಅಲ್ಲ, ಮರಿ ಮಾರುವವರೂ ಅವರೇ. ನಾಯಿಯ ತಳಿ ಅವರಿಗೆ ಎಷ್ಟು ತಿಳಿಯುತ್ತದೋ ನಾನು ಹೇಳಲಾರೆ. ಗಿರಾಕಿಯ ತಳಿಯನ್ನಂತೂ ಗೇಟಿನಲ್ಲೇ ಕಂಡುಹಿಡಿಯುತ್ತಾರೆ. ಕಾಂಪೌಂಡಿನ ಮೇಲೆ ಗಾಜಿನ ಚೂರು ನೆಟ್ಟಿದ್ದರೆ ಆ ಮನೆಗೆ ರಾಟ್‌ವೀಲರ್. ಒಂದೇ ಮಗುವಿದ್ದರೆ ಲ್ಯಾಬ್ರಡಾರ್. ಮಗ ಅಮೆರಿಕದಲ್ಲಿದ್ದು ವಯಸ್ಸಾದವರಿಬ್ಬರೇ ಇದ್ದರೆ ಶಿಟ್ಜು. ಐಟಿ ಹುಡುಗನ ಎರಡು ಬೆಡ್‌ರೂಮಿನ ಫ್ಲಾಟಾದರೆ ಸೈಬೀರಿಯನ್ ಹಸ್ಕಿ.

'ಅದು ಹಿಮದಲ್ಲಿ ಬಂಡಿ ಎಳೆಯೋ ನಾಯಿ ಅಲ್ವಾ ಮಾಸ್ಟರ್? ಇಲ್ಲಿ ಏಪ್ರಿಲ್ ಬಿಸಿಲು ತಡೆಯುತ್ತಾ?'

'ಎಸಿ ಹಾಕಿಸಿ ಸಾರ್. ನಿಮಗೂ ಒಳ್ಳೇದು.'

ಜಗತ್ತಿನಲ್ಲಿ ಏನೇ ನಡೆಯಲಿ, ಅದು ಮಾಸ್ಟರ ವ್ಯಾಪಾರಕ್ಕೆ ಒದಗಿ ಬರುತ್ತದೆ. 2003ರಲ್ಲಿ ಹಚ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಪಗ್ ಓಡಿತು. ಮಾಸ್ಟರ ಬುಟ್ಟಿಯಲ್ಲೂ ಪಗ್ ಕಣ್ಣುಬಿಟ್ಟವು. 2022ರಲ್ಲಿ ಲ್ಯಾಬ್ ನಾಯಿಯ ಕಥೆಯ '777 ಚಾರ್ಲಿ' ಬಂತು. ದುಡ್ಡಿಗಾಗಿ ನಾಯಿ ಹೆರಿಸುವವನ ಕ್ರೌರ್ಯ, ರಕ್ತಸಂಬಂಧದಲ್ಲೇ ಮರಿ ಮಾಡಿಸುವುದರ ಕೇಡು, ಇದನ್ನೇ ಹೇಳಿದ ಸಿನಿಮಾ ಅದು. ನೋಡಿದ ಅಂದಿನ ಮುಖ್ಯಮಂತ್ರಿ ಬೊಮ್ಮಾಯಿಯವರೇ ಕಣ್ಣೀರಿಟ್ಟರು. ಮಾಸ್ಟರೂ ಅತ್ತರು. ಮೂಗು ಒರೆಸಿಕೊಂಡು ಹೊರಬಂದು ಲ್ಯಾಬ್ ಮರಿಯ ರೇಟು ಏರಿಸಿದರು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ಬಗೆಯ ನಾಯಿಗಳು ಅಪಾಯಕಾರಿ, ಮಾರಬಾರದು ಎಂದು ಸುತ್ತೋಲೆ ಹೊರಡಿಸಿದಾಗ 'ಇನ್ನು ಸಿಗಲ್ಲ ಸಾರ್, ಈಗಲೇ ತಗೊಳ್ಳಿ' ಎಂದರು. ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟು ಆ ಸುತ್ತೋಲೆಯನ್ನು ರದ್ದುಮಾಡಿದಾಗ 'ಕೋರ್ಟೇ ಪರ್ಮಿಶನ್ ಕೊಟ್ಟಿದೆ ಸಾರ್, ತಗೊಳ್ಳಿ' ಎಂದರು. ಮುಧೋಳದ ನಾಯಿ ಬೇಕೆಂದವರಿಗೆ 'ಅದು ಹಳ್ಳಿ ನಾಯಿ ಸಾರ್, ನಿಮ್ಮ ಲೆವೆಲ್ಲಿಗೆ ಬೇಡ' ಎನ್ನುತ್ತಿದ್ದವರು, 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ ಅದರ ಹೆಸರೆತ್ತಿದ ಮೇಲೆ 'ರಾಯಲ್ ಬ್ರೀಡ್ ಸಾರ್, ಘೋರ್ಪಡೆ ಮಹಾರಾಜರು ಇಂಗ್ಲೆಂಡಿನ ದೊರೆಗೇ ಕೊಟ್ಟಿದ್ದು' ಎಂದು ಇತಿಹಾಸ ಶುರುಮಾಡಿದರು. ಇತಿಹಾಸ ನಿಜವೇ. ಬುಟ್ಟಿಯಲ್ಲಿದ್ದ ಮರಿ ಮುಧೋಳದ್ದೇ ಎಂಬುದಕ್ಕೆ ಮಾತ್ರ ಮಾಸ್ಟರ ಮಾತೇ ಆಧಾರ.

ನಮ್ಮ ಎದುರುಮನೆ ರಾಯರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಸಾಲ ಕೇಳಿ ಬಂದವರಿಂದ ಅಜ್ಜನ ಕಾಲದ ಪಹಣಿಯನ್ನೂ ಬಿಡದೆ ತರಿಸಿಕೊಂಡ ಮನುಷ್ಯ. ಅವರಿಗೆ ಲ್ಯಾಬ್ ಮರಿ ತೋರಿಸಲು ಮಾಸ್ಟರು ಬಂದಾಗ ನಾನೂ ಅಲ್ಲಿದ್ದೆ. ಬುಟ್ಟಿಯಿಂದ ಒಂದು ಹೆಣ್ಣುಮರಿಯನ್ನೆತ್ತಿ ಮುಂಗಾಲು ಹಿಚುಕಿ ತೋರಿಸಿದರು.

'ನೋಡಿ ಸಾರ್, ಡಬಲ್ ಬೋನ್.'

ರಾಯರು ಕನ್ನಡಕ ಸರಿಮಾಡಿಕೊಂಡರು. 'ನಾಯಿಗೆ ಸುಮಾರು 320 ಮೂಳೆ ಅಂತ ಓದಿದ್ದೆ. ಇದಕ್ಕೆ 640 ಇದೆಯೇನ್ರೀ?'

'ಇಂಪೋರ್ಟ್ ಲೈನ್ ಅಲ್ವಾ ಸಾರ್' ಎಂದರು ಮಾಸ್ಟರು, ರೆಪ್ಪೆ ಬಡಿಯದೆ.

'ಇದರ ತಾಯಿ ಎಲ್ಲಿ?'

'ಫಾರಂ ಹೌಸಲ್ಲಿದೆ ಸಾರ್. ನೆಲಮಂಗಲ ದಾಟಿ ಒಳಗೆ ಹೋಗ್ಬೇಕು. ರೋಡ್ ಸರಿಯಿಲ್ಲ.'

'ತಂದೆ?'

ಮಾಸ್ಟರು ಫೋನು ತೆಗೆದರು. ಆಳೆತ್ತರದ ಕಪ್ ಪಕ್ಕದಲ್ಲಿ ಠೀವಿಯಿಂದ ಕೂತ ನಾಯಿಯ ಫೋಟೊ. 'ಚಾಂಪಿಯನ್ ಸಾರ್.' ಮುಂದಿನ ತಿಂಗಳು ಮೂಲೆಮನೆಯವರ ಗೋಲ್ಡನ್ ರಿಟ್ರೀವರಿಗೂ ಇದೇ ತಂದೆಯೆಂದು ಆಮೇಲೆ ಗೊತ್ತಾಯಿತು.

'ವಯಸ್ಸೆಷ್ಟು?'

'ಫಾರ್ಟಿಫೈವ್ ಡೇಸ್.' ಮಾಸ್ಟರ ಮರಿಗಳಿಗೆ ಯಾವಾಗಲೂ 45 ದಿನ. ಹೋದ ಭಾನುವಾರವೂ 45, ಬರುವ ಭಾನುವಾರವೂ 45.

ರಾಯರು ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಮರಿ ಅವರ ಮನೆಯವರ ತೋಳಿಗೆ ಹೋಗಿ ಗದ್ದ ನೆಕ್ಕಿಯಾಗಿತ್ತು. ಅಲ್ಲಿಗೆ ವ್ಯವಹಾರ ಮುಗಿಯಿತು. ಅಜ್ಜನ ಪಹಣಿ ಕೇಳುತ್ತಿದ್ದ ಕೈ ಸುಮ್ಮನೆ ಗೂಗಲ್ ಪೇ ಒತ್ತಿತು.

ವಿತ್ ಪೇಪರ್ ಒಂದು ರೇಟು, ವಿತೌಟ್ ಪೇಪರ್ ಇನ್ನೊಂದು. ರಾಯರು ಕಾಗದದ ಮನುಷ್ಯ, ಹೆಚ್ಚಿನದನ್ನೇ ಕೊಟ್ಟರು. ಪೇಪರ್ ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ವಂಶಾವಳಿಯ ಪತ್ರ. 1896ರಲ್ಲಿ ಹುಟ್ಟಿದ ಈ ಸಂಸ್ಥೆಯ ಕಚೇರಿ ಚೆನ್ನೈನಲ್ಲಿದೆ. ಇದು ಮಾಸ್ಟರಿಗೆ ದೇವರು ಕೊಟ್ಟ ವರ. 'ಚೆನ್ನೈನಿಂದ ಬರ್ಬೇಕು ಸಾರ್' ಎಂದರೆ ಆರು ತಿಂಗಳು ನೆಮ್ಮದಿ. 'ಹೊರಟಿದೆ ಸಾರ್' ಎಂದರೆ ಇನ್ನಾರು ತಿಂಗಳು. ಶತಾಬ್ದಿ ರೈಲು ಐದು ಗಂಟೆಯಲ್ಲಿ ಮುಗಿಸುವ ದಾರಿಯಲ್ಲಿ ಮಾಸ್ಟರ ಪೇಪರು ಇಂದಿಗೂ ಜೋಲಾರಪೇಟೆ ದಾಟಿಲ್ಲ.

ಕಾನೂನು ಇಲ್ಲವೆಂದಲ್ಲ. ನಾಯಿಮರಿ ಹುಟ್ಟಿಸಿ ಮಾರುವವರಿಗೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 18 ತಿಂಗಳಾಗದ ಹೆಣ್ಣುನಾಯಿಗೆ ಕ್ರಾಸ್ ಮಾಡಿಸುವಂತಿಲ್ಲ, ಅದರ ಜೀವಮಾನದಲ್ಲಿ 5 ಸಲಕ್ಕಿಂತ ಹೆಚ್ಚು ಮರಿ ಹಾಕಿಸುವಂತಿಲ್ಲ. ಇದನ್ನು ರಾಯರು ಓದಿ ಹೇಳಿದಾಗ ಮಾಸ್ಟರು ತಲೆದೂಗಿದರು. 'ಕರೆಕ್ಟ್ ಸಾರ್. ಅದೆಲ್ಲ ಬ್ರೀಡರ್‌ಗಳಿಗೆ. ನಂದು ಬರೀ ಹಾಬಿ.'

ಮನೆಗೆ ಬಂದ ಮರುದಿನವೇ ಮರಿ ವಾಂತಿ ಮಾಡಿಕೊಂಡಿತು. ಮಾಸ್ಟರು ಫೋನಿನಲ್ಲೇ ಚಿಕಿತ್ಸೆ ಹೇಳಿದರು: 'ನೀರು ಚೇಂಜ್ ಆಗಿದೆ ಸಾರ್, ಮೊಸರನ್ನ ಕೊಡಿ.' ಡಾಕ್ಟರು ಪರೀಕ್ಷಿಸಿ ಪಾರ್ವೊ ಎಂದು ಡ್ರಿಪ್ ಹಾಕಿದರು. ಈ ಸೋಂಕು ತಗಲಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 3ರಿಂದ 7 ದಿನ ಹಿಡಿಯುತ್ತದೆ. ಅಂದರೆ ರಾಯರ ಮನೆಯ ಕಾವೇರಿ ನೀರಿನ ತಪ್ಪೇನೂ ಇರಲಿಲ್ಲ. ಮಾಸ್ಟರು ಧೈರ್ಯ ತುಂಬಿದರು. 'ಗ್ಯಾರಂಟಿ ಇದೆ ಸಾರ್. ಹೋದ್ರೆ ಬೇರೆ ಕೊಡ್ತೀನಿ.' ಬಲ್ಬಿನ ಅಂಗಡಿಯವನೂ ಇಷ್ಟು ಸಲೀಸಾಗಿ ಹೇಳಲಾರ. ರಾತ್ರಿಯೆಲ್ಲ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ರಾಯರ ಮನೆಯವರ ಪುಣ್ಯ, ಅದು ಬದುಕಿತು.

ಬದುಕಿ ಕಚ್ಚತೊಡಗಿತು. ಪಂಚೆ, ಸೋಫಾ, ಹಾಲಿನವನ ಹಿಮ್ಮಡಿ ಯಾವುದನ್ನೂ ಬಿಡಲಿಲ್ಲ. ಮರಿಗಳು 3ನೇ ವಾರದಿಂದ 8ನೇ ವಾರದವರೆಗೆ ಒಡಹುಟ್ಟಿದವುಗಳ ಜೊತೆ ಕಚ್ಚಾಡುತ್ತಲೇ ಹಲ್ಲಿನ ಹದ ಕಲಿಯುತ್ತವೆ. ಜೋರಾಗಿ ಕಚ್ಚಿದರೆ ಜೊತೆಯ ಮರಿ ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ, ತಾಯಿ ಗುರ್ ಎನ್ನುತ್ತದೆ. ಇದು ಫೀಸಿಲ್ಲದ ಶಾಲೆ. ಮಾಸ್ಟರು ಮರಿಯನ್ನು ಆ ಶಾಲೆಯಿಂದ ಅರ್ಧಕ್ಕೇ ಬಿಡಿಸಿ ತಂದು ಮಾರುತ್ತಾರೆ. ಆಮೇಲೆ ಅದೇ ಪಾಠಕ್ಕೆ ತಾವು ಟ್ಯೂಷನ್ ತೆಗೆದುಕೊಳ್ಳುತ್ತಾರೆ. 'ಕಚ್ತಾ ಇದೆಯಾ ಸಾರ್? ಬೇಸಿಕ್ ಒಬೀಡಿಯನ್ಸ್ ಕೋರ್ಸ್ ಮಾಡಿಸ್ಬೇಕು. ಮೂರು ತಿಂಗಳು. ಅರ್ಧ ಅಡ್ವಾನ್ಸ್.'

ಕೋರ್ಸಿನ ಮೊದಲ ನಿಯಮ, ಮನೆಯವರು ಹೊರಗೆ ಬರಬಾರದು. 'ನಿಮ್ಮನ್ನ ನೋಡಿದ್ರೆ ಕಾನ್ಸಂಟ್ರೇಶನ್ ಹೋಗುತ್ತೆ ಸಾರ್.' ರಾಯರು ಕಿಟಕಿಯ ಪರದೆ ಸರಿಸಿ ಕದ್ದು ನೋಡುತ್ತಿದ್ದರು. ಮಾಸ್ಟರು ನಮ್ಮೊಡನೆ ಕನ್ನಡದಲ್ಲಿ, ಫೋನಿನಲ್ಲಿ ತೆಲುಗಿನಲ್ಲಿ, ನಾಯಿಯೊಡನೆ ಮಾತ್ರ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. 'ಸಿಟ್' ಎಂದು ಚೈನು ಜಗ್ಗಿದರೆ ನಾಯಿ ಕೂರುತ್ತದೆ. 'ಸ್ಟೇ' ಎಂದು ಬಿಸ್ಕತ್ತಿನ ಜೇಬು ತಟ್ಟಿದರೆ ಅಲುಗುವುದಿಲ್ಲ. ಇಪ್ಪತ್ತು ನಿಮಿಷ ಪಾಠ, ಅದರಲ್ಲಿ ಹತ್ತು ನಿಮಿಷ ಮುಂದಿನ ಗಿರಾಕಿಯ ಫೋನು. ಮೂರು ತಿಂಗಳಾದ ಮೇಲೆ ಬೀದಿಯವರ ಮುಂದೆ ಪ್ರದರ್ಶನ ನಡೆಯಿತು. ಮಾಸ್ಟರು ಹೇಳಿದ್ದನ್ನೆಲ್ಲ ನಾಯಿ ಮಾಡಿತು, ಚಪ್ಪಾಳೆ ಬಿತ್ತು. ಆಮೇಲೆ ರಾಯರು ಗಂಟಲು ಸರಿಮಾಡಿಕೊಂಡು 'ಸಿಟ್' ಎಂದರು. ನಾಯಿ ಒಮ್ಮೆ ಅವರ ಮುಖ ನೋಡಿತು, ಒಮ್ಮೆ ಮಾಸ್ಟರ ಜೇಬು ನೋಡಿತು, ಎದ್ದು ಹೋಗಿ ನೀರು ಕುಡಿಯಿತು.

'ನಿಮ್ಮ ವಾಯ್ಸಲ್ಲಿ ಕಮಾಂಡ್ ಇಲ್ಲ ಸಾರ್. ಅಡ್ವಾನ್ಸ್ಡ್ ಕೋರ್ಸಲ್ಲಿ ಸರಿಹೋಗುತ್ತೆ.'

ನಾಯಿಗೆ ಎರಡು ವರ್ಷವಾಗುವಾಗ ಮಾಸ್ಟರು ಮತ್ತೆ ಬಂದರು. 'ಒಂದು ಸಲ ಕ್ರಾಸ್ ಮಾಡಿಸ್ಲೇಬೇಕು ಸಾರ್, ಇಲ್ಲಾಂದ್ರೆ ಹೆಲ್ತ್ ಹಾಳಾಗುತ್ತೆ.' ಹಾಗೇನೂ ಇಲ್ಲವೆಂದು ಯಾವ ಪಶುವೈದ್ಯರನ್ನು ಕೇಳಿದರೂ ಹೇಳುತ್ತಾರೆ. ರಾಯರು ಕೇಳಲಿಲ್ಲ. ಎರಡು ತಿಂಗಳಿಗೆ ಕಾರ್ ಶೆಡ್ಡಿನಲ್ಲಿ ಏಳು ಮರಿ. ಮಾರಿಕೊಡುವ ಭಾರ ಮಾಸ್ಟರದು, ಬಂದದ್ದರಲ್ಲಿ ಅರ್ಧರ್ಧ. ಮರಿಗಳಿಗೆ ಸರಿಯಾಗಿ ತಿಂಗಳು ತುಂಬಿದ ದಿನ ರಾಯರ ಜಗಲಿಯಲ್ಲೇ ಕೂತು ಕಾಫಿ ಕುಡಿಯುತ್ತ ಮಾಸ್ಟರು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು: 'ಫಾರ್ಟಿಫೈವ್ ಡೇಸ್ ಸಾರ್... ತಂದೆ ಚಾಂಪಿಯನ್, ಫೋಟೊ ಕಳಿಸ್ತೀನಿ... ತಾಯಿನಾ? ತಾಯಿ ಫಾರಂ ಹೌಸಲ್ಲಿದೆ ಸಾರ್. ನೆಲಮಂಗಲ ದಾಟಿ ಒಳಗೆ ಹೋಗ್ಬೇಕು. ರೋಡ್ ಸರಿಯಿಲ್ಲ.'

ರಾಯರು ತಮ್ಮ ಕಾರ್ ಶೆಡ್ಡಿನ ಕಡೆ ನೋಡಿದರು. ಫಾರಂ ಹೌಸು ಎಲ್ಲಿದೆ ಎಂಬ ಎರಡು ವರ್ಷದ ಪ್ರಶ್ನೆಗೆ ಅಂದು ಉತ್ತರ ಸಿಕ್ಕಿತು. ಒಳಗೆ ಹೋಗಿ ಕ್ಯಾಲೆಂಡರಿನಲ್ಲಿ 56ನೇ ದಿನಕ್ಕೆ ಕೆಂಪು ಗೀಟು ಹಾಕಿ ಬಂದು, 'ಅಲ್ಲಿ ತನಕ ಒಂದು ಮರಿಯೂ ಈ ಗೇಟು ದಾಟಲ್ಲ ಮಾಸ್ಟರೇ. ತಗೊಳ್ಳೋರು ಇಲ್ಲಿಗೇ ಬಂದು ತಾಯೀನ ನೋಡಿಕೊಂಡು ಹೋಗಲಿ' ಎಂದರು. ಬ್ಯಾಂಕಿನ ದನಿ ಹಾಗೇ ಮರಳಿತ್ತು. ಸೋಜಿಗವೆಂದರೆ, ಆ ದನಿಗೆ ನಾಯಿ ತಟ್ಟನೆ ಕೂತುಬಿಟ್ಟಿತು. ಮಾಸ್ಟರೂ ಕೂತರು.

ಮಾಸ್ಟರನ್ನು ಕೆಟ್ಟವರೆಂದು ಬರೆದು ಮುಗಿಸುವುದು ಸುಲಭ, ಆದರೆ ನ್ಯಾಯವಾಗದು. ದೀಪಾವಳಿಯ ಪಟಾಕಿಗೆ ಹೆದರಿ ಯಾರ ನಾಯಿ ಓಡಿಹೋದರೂ ಮಧ್ಯರಾತ್ರಿ ಟಾರ್ಚ್ ಹಿಡಿದು ಹುಡುಕುವವರು ಅವರೇ. ಡಾಕ್ಟರೇ ಹೆದರುವ ನಾಯಿಯ ಬಾಯಿ ಹಿಡಿದು ಇಂಜೆಕ್ಷನ್ ಹಾಕಿಸುವವರೂ ಅವರೇ. ಅವರ ಸ್ವಂತ ಮನೆಯಲ್ಲಿರುವುದು ಒಂದೇ ನಾಯಿ, ಕಂದು ಬಣ್ಣದ ಬೀದಿನಾಯಿ. ಪೇಪರಿಲ್ಲ, ಬೋನು ಸಿಂಗಲ್ಲು. ಯಾಕೆ ಮಾಸ್ಟರೇ ಎಂದು ಕೇಳಿದ್ದಕ್ಕೆ 'ಇದಕ್ಕೆ ಕಾಯಿಲೆ ಕಸಾಲೆ ಇಲ್ಲ ಸಾರ್, ಹಾಕಿದ್ದು ತಿಂದ್ಕೊಂಡಿರುತ್ತೆ' ಎಂದರು. ಅವರು ಗಿರಾಕಿಗೆ ಎಂದೂ ಹೇಳದ ಸತ್ಯ ಅದು. ಗಿರಾಕಿಗೂ ಅದು ಬೇಕಿಲ್ಲ. ಫೋಟೊದಲ್ಲಿ ಚೆನ್ನಾಗಿ ಕಾಣುವ ನಾಯಿ ನಾಳೆಯೇ ಬೇಕು ಎನ್ನುವವರು ಇರುವ ತನಕ ಎಲ್ಲ ಮರಿಗೂ 45 ದಿನವೇ ಆಗಿರುತ್ತದೆ.

ಆದ್ದರಿಂದ ಓದುಗರೇ, ಮಾಸ್ಟರು ನಿಮ್ಮ ಮನೆಗೂ ಬುಟ್ಟಿ ತಂದಾಗ ಮರಿಯನ್ನು ಮಡಿಲಿಗೆ ತೆಗೆದುಕೊಳ್ಳುವ ಮೊದಲೇ ನೋಂದಣಿ ಪತ್ರ ಕೇಳಿ. ಪಾಠ ಹೇಳಲು ಬಂದರೆ ಪರದೆಯ ಹಿಂದೆ ನಿಲ್ಲಬೇಡಿ, ಚೈನು ನೀವೇ ಹಿಡಿಯಿರಿ. ಕಲಿಯಬೇಕಾದವರು ನಾಯಿಗಿಂತ ಹೆಚ್ಚಾಗಿ ನೀವು. ಎಲ್ಲಕ್ಕಿಂತ ಮುಖ್ಯವಾಗಿ, ಮರಿಯ ತಾಯಿಯನ್ನು ತೋರಿಸಿ ಎನ್ನಿ. ತೋರಿಸಿದರೆ ಮಾತು ಮುಂದುವರಿಸಿ. ರೋಡ್ ಸರಿಯಿಲ್ಲ ಎಂದರೆ, ಒಂದು ಲೋಟ ಕಾಫಿ ಕೊಟ್ಟು ಕಳಿಸಿ.