ಐದು ವೋಲ್ಟಿನ ಬಡಾಯಿ

ನಮ್ಮ ಇಟಗಿಯವರಿಗೆ ಲೋ ವೋಲ್ಟೇಜಿನ ಪಾಠ ಯಾರೂ ಹೇಳಿಕೊಡಬೇಕಿಲ್ಲ. ಬೋರಿನ ಮೋಟಾರು ‘ಗುಂಯ್’ ಎಂದು ನರಳಿ ನೀರೆತ್ತದಿದ್ದರೆ, ಸ್ಟಾರ್ಟರ್ ‘ಟಪ್’ ಎಂದು ಬಿದ್ದರೆ, ಮೀಟರು ನೋಡದೆಯೇ ತೀರ್ಪು ಕೊಡುತ್ತಾರೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಅವುಗಳ ಕರೆಂಟು ಮಾತ್ರ ನಮ್ಮೂರನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತದೆಂಬುದು ಕಟ್ಟೆ ಮೇಲಿನವರ ಕಾಯಂ ದೂರು.

ಇಂಥ ಊರಿಗೆ ಎಂಜಿನಿಯರಿಂಗ್ ಓದುವ ಅಕ್ಕನ ಮಗ ಪ್ರಾಜೆಕ್ಟಿಗೆಂದು ಯುಎಸ್‌ಬಿ ಡಾಟಾ ಅಕ್ವಿಸಿಷನ್ ಡಬ್ಬಿಯೊಂದನ್ನು ತಂದ. ಅಂಗೈಯಗಲದ್ದು. ಹೊಲದ ತೇವ ಅಳೆದು ಲ್ಯಾಪ್‌ಟಾಪಿಗೆ ತಿಳಿಸುವುದು, ಅದು ಹುಕುಂ ಕೊಟ್ಟರೆ ರಿಲೇ ಎಳೆದು ಉಳ್ಳಾಗಡ್ಡಿಗೆ ನೀರು ಬಿಡುವುದು ಅದರ ಕೆಲಸ. ಐದು ವೋಲ್ಟು ಕೊಡೆಂದು ಆಜ್ಞೆ ಹೋಯಿತು. ರಿಲೇ ಮಿಸುಕಲಿಲ್ಲ. ಮೀಟರು ಹಚ್ಚಿದರೆ ಅರ್ಧ ವೋಲ್ಟೂ ಇಲ್ಲ!

“ಟಿ.ಸಿ. ಸುಟ್ಟಿರಬೇಕೋ ತಮ್ಮಾ, ಲೈನ್‌ಮನ್‌ಗೆ ಫೋನ್ ಹಚ್ಚು” ಎಂದರು ಪಕ್ಕದ ಮನೆಯ ಕಾಕಾ.

“ಕಾಕಾ, ಈ ಡಬ್ಬಿಗೆ ಟಿ.ಸಿ.ನ ಇಲ್ರಿ.”

“ಅದಕ್ಕ ಮತ್ತ, ವೋಲ್ಟೇಜ್ ಎಲ್ಲಿಂದ ಬರಬೇಕು?”

ಈ ತರ್ಕಕ್ಕೆ ಉತ್ತರವಿರಲಿಲ್ಲ. ಭೀಮವ್ವನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಾ ಎಂದಳು ಅಕ್ಕ.

ಹುಡುಗ ಮೊದಲು ಯುಎಸ್‌ಬಿ ಕಿಂಡಿಯನ್ನೇ ಅಳೆದ: 4.9 ವೋಲ್ಟು, ತಕರಾರಿಲ್ಲ. ಉದ್ದನೆಯ ಸಣಕಲು ಕೇಬಲ್ ತೆಗೆದು ಗಿಡ್ಡದನ್ನು ಹಾಕಿದ, ಫಲವಿಲ್ಲ. ಕೊನೆಗೆ ರಿಲೇಯ ತಂತಿ ಬಿಚ್ಚಿ, ಡಬ್ಬಿಯ ಬರಿಯ ತುದಿಗೆ ಮೀಟರು ಹಿಡಿದ. ಬಂತಲ್ಲ ಪೂರಾ ಐದು ವೋಲ್ಟು! ರಿಲೇ ಸೇರಿಸಿದ ಕೂಡಲೇ ಮತ್ತೆ ಮಲಗಿತು.

ಗುಟ್ಟು ಕೈಪಿಡಿಯಲ್ಲಿತ್ತು. ಆ ತುದಿಯಿಂದ ಹೊರಡುವುದು ಹೆಚ್ಚೆಂದರೆ 5 ಮಿಲಿಆಂಪಿಯರ್. ರಿಲೇಯ ಸುರುಳಿ ಬೇಡುವುದು 70ರಷ್ಟು. ಡಬ್ಬಿ ಕೆಟ್ಟಿರಲಿಲ್ಲ, ಹೊರೆ ಮೀರಿತ್ತು. ಜಾತ್ರೆಯ ಮೀಟಿಂಗಿನಲ್ಲಿ “ನಾ ಅದೇನಿ, ಚಿಂತಿ ಬ್ಯಾಡ್ರಿ” ಎನ್ನುವವರೆಲ್ಲ ಪೂರಾ ಐದು ವೋಲ್ಟಿನವರೇ. ಸಾರಿನ ಹಂಡೆ ಎತ್ತುವ ಹೊತ್ತಿಗೆ ಅವರಲ್ಲೂ ಅರ್ಧ ವೋಲ್ಟು ಉಳಿದಿರುವುದಿಲ್ಲ.

ಮದ್ದು ಸುಲಭದ್ದು. ನಡುವೆ ಒಂದು ಟ್ರಾನ್ಸಿಸ್ಟರ್ ಕೂಡಿಸಿದ. ಡಬ್ಬಿ ಸನ್ನೆ ಮಾಡಿದರೆ ಸಾಕು, ಸುರುಳಿಯ ಭಾರವನ್ನು ಬೇರೊಂದು ಐದು ವೋಲ್ಟಿನ ಸಪ್ಲೈ ಹೊರುತ್ತದೆ. ಎರಡರ ಗ್ರೌಂಡನ್ನೂ ಒಂದುಗೂಡಿಸಿದ. ರಿಲೇ ಬಿಡುವಾಗ ಸುರುಳಿ ಜಾಡಿಸಿ ಒದೆಯುತ್ತದಲ್ಲ, ಆ ಒದೆತಕ್ಕೆ ಟ್ರಾನ್ಸಿಸ್ಟರ್ ಸಾಯದಿರಲೆಂದು ಅಡ್ಡಲಾಗಿ ಡಯೋಡ್ ಹಾಕಿದ. ‘ಟಕ್’ ಎಂದಿತು ರಿಲೇ. ಮೋಟಾರು ಮಾತ್ರ ತಿರುಗಲಿಲ್ಲ. ಅಷ್ಟರಲ್ಲಿ ತ್ರೀ ಫೇಸ್ ಹೋಗಿತ್ತು.

“ಲೈನ್‌ಮನ್‌ಗೆ ಫೋನ್ ಹಚ್ಚು ಅಂತ ನಾ ಮೊದಲ ಹೇಳಿದ್ದೆ” ಎಂದರು ಕಾಕಾ.

ಆದ್ದರಿಂದ ಓದುಗರೇ, ಡಬ್ಬಿಯಾಗಲಿ, ಟಿ.ಸಿ.ಯಾಗಲಿ, ಬೀಗರಾಗಲಿ, ಹೊರೆ ಹೊರಿಸಿದ ಮೇಲೆಯೇ ವೋಲ್ಟೇಜ್ ಅಳೆಯಿರಿ.